ಕತ್ತಲೆಕಾನಿನಲ್ಲಿ ಕಲಿತ ಪಾಠ

ಬಿಸಿಲು ನೆಲಕ್ಕಿಳಿಯದಷ್ಟು ದಟ್ಟವಾದ, ವರ್ಷವಿಡೀ ಹಸಿರಾಗಿರುವ ಕಾಡನ್ನು ಮಲೆನಾಡಿನವರು ‘ಕಾನು’ ಎನ್ನುತ್ತಾರೆ. ಎಷ್ಟೋ ಕಾನುಗಳನ್ನು ನಮ್ಮ ಹಿರಿಯರು ದೇವರ ಕಾಡೆಂದು ಕಾಪಾಡಿಕೊಂಡು ಬಂದರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿರುವ ಕತ್ತಲೆಕಾನು ಹೆಸರಿಗೆ ತಕ್ಕಂತೆಯೇ ಇದೆ. ಕಳೆದ ಫಾಲ್ಗುಣದಲ್ಲಿ ನಾವು ನಾಲ್ವರು ಗೆಳೆಯರು ಅರಣ್ಯ ಇಲಾಖೆಯ ಅನುಮತಿ ಪಡೆದು ಅಲ್ಲಿ ಒಂದು ದಿನ ನಡೆದೆವು. ಅಲ್ಲಿ ಕಲಿತುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮರಗಳ ವಿಚಾರ. ಧೂಮದ ಮರ ಇಲ್ಲಿಯ ವೃಕ್ಷರಾಜ. 40 ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ಇದರ ಕಾಯಿಗೆ ಎರಡು ರೆಕ್ಕೆಗಳಿವೆ. ಅದು ಗಿರಗಿರನೆ ತಿರುಗುತ್ತ ನೆಲಕ್ಕಿಳಿಯುತ್ತದೆ. ತಗ್ಗಿನ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ನಿಂತಿವೆ. ಕೆಸರಿನಲ್ಲಿ ಗಾಳಿ ದೊರೆಯದ ಕಾರಣ ಅವುಗಳ ಬೇರು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡಿ ಮತ್ತೆ ಮಣ್ಣಿಗೆ ಇಳಿಯುತ್ತದೆ. ಕೇರಿನ ಬಳಗದ ಒಂದು ಹೊಸ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಂಶೋಧಕರು 2000ದಲ್ಲಿ ಲೋಕಕ್ಕೆ ಪರಿಚಯಿಸಿದ್ದು ಈ ಕಾನಿನಿಂದಲೇ. ಅದರ ಶಾಸ್ತ್ರೀಯ ನಾಮದಲ್ಲಿ ಕತ್ತಲೆಕಾನಿನ ಹೆಸರೇ ಸೇರಿದೆ.

ಇನ್ನು ಪ್ರಾಣಿಗಳು. ಸಿಂಗಳೀಕವು ಹೆಚ್ಚಿನ ಕಾಲವನ್ನು ಮರದ ತುದಿಯಲ್ಲೇ ಕಳೆಯುವುದು. ಕೊಂಬೆಗೆ ಕೊಂಬೆ ತಾಗದಿದ್ದರೆ ಅದರ ಹಾದಿಯೇ ಕಡಿದಂತೆ. ಇದರ ರಕ್ಷಣೆಗೆಂದು ಸರ್ಕಾರವು 2011ರಲ್ಲಿ ಈ ಸೀಮೆಯಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ತಲೆಯ ಮೇಲೆ ಭರ್ರೆಂಬ ಸದ್ದು ಕೇಳಿ ನಾವು ಕತ್ತೆತ್ತಿದಾಗ ದೊಡ್ಡ ಮಂಗಟ್ಟೆ ಹಕ್ಕಿಯೊಂದು ಹಾರಿಹೋಯಿತು. ಈ ಹಕ್ಕಿಗೆ ಮರ ಕೊರೆಯುವ ಶಕ್ತಿಯಿಲ್ಲ. ಹೆಮ್ಮರದಲ್ಲಿ ತಾನಾಗಿ ಆದ ಪೊಟರೆಯೇ ಅದರ ಮನೆ. ಹೆಣ್ಣು ಒಳಹೊಕ್ಕು ಬಾಯನ್ನು ಮುಚ್ಚಿಕೊಂಡು ತಿಂಗಳುಗಟ್ಟಲೆ ಸೆರೆಯಿರುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ಹಣ್ಣನ್ನು ಉಣಿಸುತ್ತದೆ. ರಾಮಪತ್ರೆಯ ಕೆಂಪು ಪತ್ರೆಯನ್ನು ಉಂಡು ಬೀಜವನ್ನು ದೂರ ಚೆಲ್ಲುವುದೂ ಇದೇ ಹಕ್ಕಿ.

ವಿಚಾರ ಮಾಡಬೇಕಾದುದು ಇಲ್ಲಿಯೇ. ನಾಟಾ ವ್ಯಾಪಾರಿಯ ಲೆಕ್ಕದಲ್ಲಿ ಪೊಟರೆ ಬಿದ್ದ ಮುದಿಮರಕ್ಕೆ ಬೆಲೆಯಿಲ್ಲ. ಅದನ್ನು ಕಡಿದರೆ ಮಂಗಟ್ಟೆಯ ಮನೆ ಹೋಯಿತು. ಮಂಗಟ್ಟೆ ಹೋದರೆ ರಾಮಪತ್ರೆಯ ಬೀಜವನ್ನು ದೂರ ಒಯ್ಯುವವರಾರು? ಸಸಿಗಳನ್ನು ನೆಟ್ಟು ಸರಿದೂಗಿಸುವೆವೆಂದರೆ, ಸಸಿಯಲ್ಲಿ ಪೊಟರೆಯಾಗಲು ಎಷ್ಟು ತಲೆಮಾರು ಬೇಕು? ಆದುದರಿಂದ ವನಮಹೋತ್ಸವದಲ್ಲಿ ಗಿಡ ನೆಡುವುದರ ಜೊತೆಗೆ, ನಿಂತಿರುವ ಮುದಿಮರವನ್ನು ಉಳಿಸುವುದೂ ನಮ್ಮ ಕರ್ತವ್ಯವೆಂದು ವಿದ್ಯಾರ್ಥಿಗಳಾದ ನಾವು ತಿಳಿಯಬೇಕು.