ಮನೆಯ ಅಲಾರಂ ಯಾರಿಗೆ ಕರೆ ಮಾಡುತ್ತದೆ?

ಸೈರನ್ ಕೂಗಿದರೆ ಅಲಾರಂ ತನ್ನ ಕೆಲಸ ಮುಗಿಸಿತು ಎಂದು ಬಹಳ ಜನ ತಿಳಿದಿರುತ್ತಾರೆ. ಸೈರನ್ ಕಳ್ಳನನ್ನು ಬೆದರಿಸುತ್ತದೆ, ಅಕ್ಕಪಕ್ಕದವರನ್ನು ಎಬ್ಬಿಸುತ್ತದೆ, ಅಷ್ಟೇ. ಮನೆಯಲ್ಲಿ ಯಾರೂ ಇಲ್ಲ, ಪಕ್ಕದ ಮನೆಯವರೂ ಊರಲ್ಲಿಲ್ಲ ಎಂದಾಗ ಆ ಕೂಗು ಯಾರಿಗೂ ಕೇಳಿಸದು. ಆಗ ಗೋಡೆಯ ಮೇಲಿನ ಲೋಹದ ಪೆಟ್ಟಿಗೆ, ಅಂದರೆ ಅಲಾರಂ ಪ್ಯಾನೆಲ್, ದೂರದಲ್ಲಿ ಎಚ್ಚರವಾಗಿ ಕುಳಿತಿರುವ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಮುಟ್ಟಿತೋ ಇಲ್ಲವೋ ಎಂಬುದನ್ನೂ ತಾನೇ ಖಾತ್ರಿ ಮಾಡಿಕೊಳ್ಳಬೇಕು. ಈ ಕೆಲಸಕ್ಕಾಗಿ ಪ್ಯಾನೆಲ್‌ಗೆ ನಾವು ತುಂಬಿಕೊಡುವ ಮಾಹಿತಿಯೇ ಕಮ್ಯುನಿಕೇಷನ್ ಸೆಟ್ಟಿಂಗ್ಸ್. ಸೆನ್ಸರ್, ಕ್ಯಾಮೆರಾಗಳಿಗೆ ಹಣ ಸುರಿಯುವವರು ಇದರ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇರುವುದೇ ಇಲ್ಲಿ.

ಸುದ್ದಿ ಮುಟ್ಟಿಸುವ ಯೋಚನೆ ಹೊಸದಲ್ಲ. ಅಮೆರಿಕದ ಬಾಸ್ಟನ್ ಬಳಿಯ ಅಗಸ್ಟಸ್ ಪೋಪ್ 1853ರಲ್ಲಿ ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದರು. ಎಡ್ವಿನ್ ಹೋಮ್ಸ್ 1857ರಲ್ಲಿ ಅದರ ಹಕ್ಕನ್ನು ಕೊಂಡರು. ಮುಂದೆ ನ್ಯೂಯಾರ್ಕ್‌ನಲ್ಲಿ ಹಲವು ಕಟ್ಟಡಗಳಿಂದ ತಂತಿ ಎಳೆದು ಒಂದೇ ಕಚೇರಿಗೆ ತಂದು ಜೋಡಿಸಿದರು. ಇವತ್ತಿಗೂ ಸೆಂಟ್ರಲ್ ಸ್ಟೇಷನ್ ಎಂದು ಕರೆಯುವುದು ಅಂಥ ಕಚೇರಿಯನ್ನೇ.

ಕಲಿಯಲು ಒಂದು ನಿಜವಾದ ಪ್ಯಾನೆಲ್ ಎದುರಿಗಿದ್ದರೆ ಸುಲಭ. ಕೆನಡಾದ ಡಿಎಸ್‌ಸಿ ಕಂಪನಿಯ ಪವರ್‌ಸೀರೀಸ್ ಬಳಗದ ಪಿಸಿ1864 ಎಂಬುದನ್ನು ತೆಗೆದುಕೊಳ್ಳೋಣ. 64 ಜೋನ್‌ಗಳವರೆಗೆ, ಅಂದರೆ ಬೇರೆ ಬೇರೆಯಾಗಿ ಗುರುತಿಸುವ 64 ಕಾವಲಿನ ಜಾಗಗಳವರೆಗೆ, ಬೆಳೆಯಬಲ್ಲ ಈ ಪ್ಯಾನೆಲ್ ಉತ್ತರ ಅಮೆರಿಕದ ಮನೆಗಳಲ್ಲಿ ಹೇರಳವಾಗಿದೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಹಳೆಯ ಮನೆ ಕೊಂಡ ಕನ್ನಡಿಗರು ಬಟ್ಟೆಯ ಕ್ಲೋಸೆಟ್‌ನೊಳಗೆ ಹಿಂದಿನ ಮಾಲೀಕರು ಬಿಟ್ಟುಹೋದ ಇಂಥದ್ದೊಂದು ಪೆಟ್ಟಿಗೆಯನ್ನು ಕಂಡಿರಬಹುದು. ಬೇರೆ ಕಂಪನಿಯ ಪ್ಯಾನೆಲ್‌ನಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆಯಾಗಿರುತ್ತವೆ. ಆದರೆ ಅದು ನಿಮ್ಮನ್ನು ಕೇಳುವ ಪ್ರಶ್ನೆಗಳು ಇವೇ.

ಕೀಪ್ಯಾಡ್‌ನಲ್ಲಿ ಸ್ಟಾರ್ ಒತ್ತಿ, 8 ಒತ್ತಿ, ಇನ್‌ಸ್ಟಾಲರ್ ಕೋಡ್ ಕೊಟ್ಟರೆ ಪ್ರೋಗ್ರಾಮಿಂಗ್‌ನ ಬಾಗಿಲು ತೆರೆಯುತ್ತದೆ. ಕಾರ್ಖಾನೆಯಿಂದ ಬಂದ ಕೋಡ್ 5555. ಇದು ಜಗತ್ತಿಗೆಲ್ಲ ಗೊತ್ತಿರುವ ಸಂಖ್ಯೆ. ಆದ್ದರಿಂದ ಬೇರೇನನ್ನೂ ಮುಟ್ಟುವ ಮೊದಲು 006ನೇ ಸೆಕ್ಷನ್‌ಗೆ ಹೋಗಿ ಅದನ್ನು ಬದಲಿಸಿ, ಎಲ್ಲಾದರೂ ಬರೆದಿಟ್ಟುಕೊಳ್ಳಿ. ಹಿಂದೆ ಈ ಪ್ಯಾನೆಲ್ ನೋಡಿಕೊಳ್ಳುತ್ತಿದ್ದ ಕಂಪನಿ ಕೋಡನ್ನು ಮೊದಲೇ ಬದಲಿಸಿದ್ದರೆ 5555 ನಡೆಯದು, ಅವರನ್ನೇ ಕೇಳಬೇಕು. ಪ್ರತಿಯೊಂದು ಸೆಟ್ಟಿಂಗ್‌ಗೂ ಸೆಕ್ಷನ್ ಎಂಬ ಮೂರಂಕಿಯ ವಿಳಾಸವಿದೆ. ವಿಳಾಸ ಒತ್ತಿ, ಮೌಲ್ಯ ತುಂಬಿ, ಹ್ಯಾಶ್ ಒತ್ತಿ ಹೊರಬರುವುದು, ಇಷ್ಟೇ ವ್ಯಾಕರಣ.

ಪ್ಯಾನೆಲ್‌ನ ಮೊದಲ ಪ್ರಶ್ನೆ: ನಾನು ಯಾರಿಗೆ ಕರೆ ಮಾಡಲಿ? ಉತ್ತರ 301ನೇ ಸೆಕ್ಷನ್‌ನಲ್ಲಿ. ಅದು ಸೆಂಟ್ರಲ್ ಸ್ಟೇಷನ್ನಿನ ರಿಸೀವರ್ ಎಂಬ ಯಂತ್ರದ ದೂರವಾಣಿ ಸಂಖ್ಯೆ. ಇನ್ನೆರಡು ಸಂಖ್ಯೆಗಳಿಗೆ 302 ಮತ್ತು 303 ಇವೆ. ಕಲಿಯುವವರು ಇಲ್ಲಿ ತಮ್ಮ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಫೋನ್ ಎತ್ತಿದಾಗ ಮಾತು ಬರುವುದಿಲ್ಲ. ಎದುರಿನ ಯಂತ್ರದ ಉತ್ತರಕ್ಕೆ ಪ್ಯಾನೆಲ್ ಕಾಯುತ್ತದೆ, ಸಿಗದೆ ಮತ್ತೆ ಮತ್ತೆ ಕರೆ ಮಾಡುತ್ತದೆ, ಕೊನೆಗೆ ಸಂಪರ್ಕ ವಿಫಲವೆಂದು ಘೋಷಿಸುತ್ತದೆ. ಮನೆಯವರಿಗೇ ಕರೆ ಮಾಡಿ ಬೀಪ್ ಕೇಳಿಸುವ ರೆಸಿಡೆನ್ಷಿಯಲ್ ಡಯಲ್ ಎಂಬ ಬೇರೆಯೇ ವಿಧಾನ ಇದರಲ್ಲಿದೆ, ಬೇಕಿದ್ದರೆ ಅದನ್ನು ಆರಿಸಬೇಕು. ಪೊಲೀಸರ ತುರ್ತು ಸಂಖ್ಯೆಯನ್ನಂತೂ ಎಂದಿಗೂ ಹಾಕಬೇಡಿ. ಯಂತ್ರ ನೇರವಾಗಿ ಅಲ್ಲಿಗೆ ಕರೆ ಮಾಡುವುದನ್ನು ಅನೇಕ ಕಡೆ ಕಾನೂನೇ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಜವಾದ ಆಪತ್ತಿನಲ್ಲಿರುವ ಒಬ್ಬರ ಕರೆಯನ್ನು ಅದು ತಡೆಯಬಹುದು.

ಎರಡನೆಯದು: ನಾನು ಯಾರೆಂದು ಹೇಳಿಕೊಳ್ಳಲಿ? ರಿಸೀವರ್‌ಗೆ ನಿಮ್ಮ ಹೆಸರಾಗಲಿ ಬೀದಿಯಾಗಲಿ ಗೊತ್ತಿಲ್ಲ. ಸ್ಟೇಷನ್ ಕೊಡುವ ನಾಲ್ಕಂಕಿಯ ಅಕೌಂಟ್ ಸಂಖ್ಯೆಯೇ ನಿಮ್ಮ ಗುರುತು, ಅದು 310ನೇ ಸೆಕ್ಷನ್‌ಗೆ ಸೇರುತ್ತದೆ. ಒಂದಂಕಿ ತಪ್ಪಿದರೆ ಪೊಲೀಸರು ಬೇರೆ ಯಾರದೋ ಮನೆಯ ಬಾಗಿಲು ತಟ್ಟುತ್ತಾರೆ. ಈ ಸಂಖ್ಯೆಯಲ್ಲಿ ಸೊನ್ನೆಯಿದ್ದರೆ ಸೊನ್ನೆಯ ಕೀಲಿ ಒತ್ತಬಾರದು. ಬದಲಿಗೆ ‘ಎ’ ಎಂಬ ಅಕ್ಷರ ಕೊಡಬೇಕು, ಅದಕ್ಕೆ ಒತ್ತುವುದು ಸ್ಟಾರ್, 1, ಮತ್ತೆ ಸ್ಟಾರ್. ವಿಚಿತ್ರವೆನಿಸುವ ಈ ನಿಯಮಕ್ಕೆ ಕಾರಣವಿದೆ, ಸ್ವಲ್ಪ ಮುಂದೆ ತಿಳಿಯುತ್ತದೆ.

ಮೂರನೆಯದು: ಯಾವ ಭಾಷೆಯಲ್ಲಿ ಮಾತಾಡಲಿ? 350ನೇ ಸೆಕ್ಷನ್‌ನಲ್ಲಿ 03 ಎಂದು ಕೊಟ್ಟರೆ ಕಾಂಟ್ಯಾಕ್ಟ್ ಐಡಿ, 04 ಕೊಟ್ಟರೆ ಎಸ್‌ಐಎ. ಸ್ಟೇಷನ್ನಿನವರು ಯಾವುದನ್ನು ಹೇಳುತ್ತಾರೋ ಅದನ್ನೇ ಹಾಕಿ. ಅಡೆಮ್ಕೊ ಕಂಪನಿ ರೂಪಿಸಿದ ಕಾಂಟ್ಯಾಕ್ಟ್ ಐಡಿ ಇಂದಿಗೂ ಬಹು ಪ್ರಚಲಿತ. ಇದನ್ನು ಬಿಡಿಸಿ ನೋಡಲೇಬೇಕು, ಏಕೆಂದರೆ ಒಮ್ಮೆ ಅರ್ಥವಾದರೆ ಉಳಿದ ಅರ್ಧ ಪಾಠ ತಾನಾಗಿಯೇ ಬಂದುಬಿಡುತ್ತದೆ.

ಪ್ಯಾನೆಲ್ ಕರೆ ಮಾಡಿದಾಗ ರಿಸೀವರ್ ಮೊದಲು 1400 ಹರ್ಟ್ಸ್, ಆಮೇಲೆ 2300 ಹರ್ಟ್ಸ್‌ನ ಎರಡು ಚಿಕ್ಕ ಸ್ವರ ಹೊರಡಿಸುತ್ತದೆ. ‘ನಾನು ಸಿದ್ಧ, ಹೇಳು’ ಎಂದು ಅದರ ಅರ್ಥ. ಆಗ ಪ್ಯಾನೆಲ್ ಫೋನಿನ ಕೀಲಿಗಳ ಸ್ವರದಲ್ಲೇ ಹದಿನಾರು ಅಂಕಿಗಳನ್ನು ಸರಸರನೆ ಒಪ್ಪಿಸುತ್ತದೆ. ಉದಾಹರಣೆಗೆ: 4321 18 1 134 01 007 9. ಮೊದಲ ನಾಲ್ಕು ಅಂಕಿ ನಿಮ್ಮ ಅಕೌಂಟ್. 18 ಎಂದರೆ ‘ಇದು ಕಾಂಟ್ಯಾಕ್ಟ್ ಐಡಿ ಸಂದೇಶ’. ಮುಂದಿನ 1 ಎಂದರೆ ಹೊಸ ಘಟನೆ. ಅದೇ ಜಾಗದಲ್ಲಿ 3 ಇದ್ದರೆ ಪರಿಸ್ಥಿತಿ ಮೊದಲಿನಂತಾಗಿದೆ ಎಂದರ್ಥ. 134 ಎಂದರೆ ಮನೆಗೆ ಬಂದುಹೋಗುವ ಬಾಗಿಲಿನಲ್ಲಿ ಅಲಾರಂ. 01 ಮನೆಯ ಯಾವ ಭಾಗ, 007 ಎಷ್ಟನೆಯ ಜೋನ್. 110 ಬೆಂಕಿಗೆ, 121 ಯಾರೋ ಬೆದರಿಸಿ ಅಲಾರಂ ಆರಿಸಲು ಹೇಳಿದಾಗ ಕೊಡುವ ಗುಪ್ತ ಸಂಕೇತಕ್ಕೆ, 301 ಕರೆಂಟ್ ಹೋದದ್ದಕ್ಕೆ, 302 ಬ್ಯಾಟರಿ ಕುಂದಿದ್ದಕ್ಕೆ. ಇವು ಸಂದೇಶದ ಸಂಕೇತಗಳು, ಸೆಕ್ಷನ್ ಸಂಖ್ಯೆಗಳಲ್ಲ.

ಕೊನೆಯ 9 ಲೆಕ್ಕ ತಾಳೆ ನೋಡುವ ಅಂಕಿ. ಎಲ್ಲ ಅಂಕಿಗಳನ್ನೂ ಕೂಡಿದರೆ ಮೊತ್ತ 15ರಿಂದ ಶೇಷವಿಲ್ಲದೆ ಭಾಗವಾಗಬೇಕು. ಇಲ್ಲಿ ಸೊನ್ನೆಯ ಬೆಲೆ ಹತ್ತು. ಕಾಗದ ತೆಗೆದುಕೊಂಡು ಕೂಡಿ ನೋಡಿ: ಮೊದಲ ಹದಿನೈದು ಅಂಕಿಗಳ ಮೊತ್ತ 66, ಅದಕ್ಕೆ 9 ಸೇರಿದರೆ 75. ಹದಿನಾರರ ಲೆಕ್ಕದಲ್ಲಿ ‘ಎ’ ಎಂದರೂ ಹತ್ತೇ ತಾನೆ? ಅಕೌಂಟ್ ಸಂಖ್ಯೆಯ ಸೊನ್ನೆಗೆ ‘ಎ’ ಕೊಡಬೇಕೆಂದದ್ದು ಇದಕ್ಕೇ.

ಮೊತ್ತ ಸರಿಬಂದರೆ ರಿಸೀವರ್ 1400 ಹರ್ಟ್ಸ್‌ನ ಒಂದು ಉದ್ದ ಸ್ವರ ಕೊಡುತ್ತದೆ, ಮುಕ್ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ. ಕೆಲಸಗಾರರು ಇದನ್ನು ಕಿಸ್‌ಆಫ್ ಎನ್ನುತ್ತಾರೆ. ರಿಜಿಸ್ಟರ್ಡ್ ಪತ್ರ ಕಳಿಸಿದವರ ಕೈಗೆ ಮರಳಿ ಬರುವ ಸಹಿಯ ಚೀಟಿಯಂತೆ ಇದು. ಈ ಸ್ವರ ಕೇಳುವವರೆಗೆ ಪ್ಯಾನೆಲ್ ಸುದ್ದಿ ಮುಟ್ಟಿತೆಂದು ನಂಬುವುದಿಲ್ಲ, ಮತ್ತೆ ಕಳಿಸುತ್ತದೆ. ನನಗೆ ಈ ಏರ್ಪಾಡಿನ ಮೇಲೆ ಬಹಳ ಗೌರವ. ಎಸ್‌ಎಂಎಸ್ ಕಳಿಸಿ ಕೈತೊಳೆದುಕೊಳ್ಳುವ ಅಗ್ಗದ ಸಾಧನಗಳಲ್ಲಿ ಇಲ್ಲದಿರುವುದು ಈ ಹೊಣೆಗಾರಿಕೆಯೇ.

ಮೂರೂ ಪ್ರಶ್ನೆಗಳ ಉತ್ತರ ತುಂಬಿಯಾದ ಮೇಲೆ 380ನೇ ಸೆಕ್ಷನ್‌ನ ಮೊದಲ ಆಯ್ಕೆ ಆನ್ ಆಗಿದೆಯೇ ನೋಡಿ. ಇಡೀ ಸಂಪರ್ಕದ ಮುಖ್ಯ ಸ್ವಿಚ್ ಅದು. ಆಫ್ ಇದ್ದರೆ ಮೇಲಿನ ಎಲ್ಲವೂ ವ್ಯರ್ಥ. ಯಾವ ಬಗೆಯ ಘಟನೆ ಯಾವ ಸಂಖ್ಯೆಗೆ ಹೋಗಬೇಕೆಂಬುದು 351ರಿಂದ 376ರವರೆಗಿನ ಸೆಕ್ಷನ್‌ಗಳಲ್ಲಿದೆ. ಹೊಸಬರು ಅಲ್ಲಿ ಕೈಹಾಕುವ ಅಗತ್ಯ ಅಪರೂಪ.

377ರಲ್ಲಿ ಸಮಯದ ಸಂಗತಿಗಳಿವೆ, ಇವಕ್ಕೆ ಸ್ವಲ್ಪ ವಿವೇಚನೆ ಬೇಕು. ಕರೆಂಟ್ ಹೋದ ಸುದ್ದಿಯನ್ನು ಎಷ್ಟು ನಿಮಿಷ ತಡೆದು ಕಳಿಸಬೇಕು? 30 ನಿಮಿಷ ಎಂದು ಬಂದಿರುತ್ತದೆ, ಹಾಗೇ ಬಿಡಿ. ಸೊನ್ನೆ ಮಾಡಿದರೆ ಪ್ರತಿ ಸಲ ಕರೆಂಟ್ ಕಣ್ಣು ಮಿಟುಕಿಸಿದಾಗಲೂ ಸ್ಟೇಷನ್‌ಗೆ ಕರೆ ಹೋಗುತ್ತದೆ. ಕಳ್ಳತನದ ಅಲಾರಂ ಕಳಿಸುವ ಮೊದಲು ಕೆಲವು ಸೆಕೆಂಡ್ ತಡೆಯಲೂ ಇಲ್ಲಿ ಅವಕಾಶವಿದೆ. ಕೈಯಲ್ಲಿ ಚೀಲ ಹಿಡಿದು ಒಳಬಂದ ಅಜ್ಜಿಗೆ ಕೋಡ್ ಒತ್ತಲು ತಡವಾದರೆ ಪೊಲೀಸ್ ಜೀಪ್ ಬಾರದಿರಲಿ ಎಂಬುದು ಉದ್ದೇಶ. 30 ಸೆಕೆಂಡ್ ಹಿತವಾದ ಅಳತೆ. ಬೆಂಕಿಯ ಜೋನ್‌ಗೆ ಮಾತ್ರ ಈ ತಡೆ ತಗುಲಬಾರದು. ಅದನ್ನು ಜೋನ್‌ನ ಗುಣಗಳಲ್ಲಿ ಪ್ರತ್ಯೇಕವಾಗಿ ನೋಡಿಕೊಳ್ಳಿ.

ಇದೇ ಸೆಕ್ಷನ್‌ನಲ್ಲಿರುವ ಇನ್ನೊಂದು, ಟೆಸ್ಟ್ ಟ್ರಾನ್ಸ್‌ಮಿಷನ್. ಏನೂ ಆಗದಿದ್ದರೂ ಪ್ಯಾನೆಲ್ ನಿಗದಿತ ದಿನಗಳಿಗೊಮ್ಮೆ ಕರೆ ಮಾಡಿ 602 ಎಂಬ ಸಂಕೇತ ಒಪ್ಪಿಸುತ್ತದೆ. ಹೊತ್ತು ನಿಗದಿಯಾಗುವುದು 378ರಲ್ಲಿ. ಆ ದಿನ ಸಂಕೇತ ಬಾರದಿದ್ದರೆ ಸ್ಟೇಷನ್ನಿನವರಿಗೆ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. 30 ದಿನಕ್ಕೊಮ್ಮೆ ಎಂಬ ಮೂಲ ಸೆಟ್ಟಿಂಗ್ ನನಗೆ ಒಪ್ಪಿಗೆಯಿಲ್ಲ. ಲೈನ್ ಸತ್ತು ಮೂರು ವಾರವಾದರೂ ಯಾರಿಗೂ ಗೊತ್ತಾಗದ ಮನೆಯನ್ನು ಕಾವಲಿನಲ್ಲಿರುವ ಮನೆ ಎನ್ನಲಾಗದು. ಸ್ಟೇಷನ್ ಒಪ್ಪಿದರೆ ದಿನಕ್ಕೊಮ್ಮೆ ಮಾಡಿಸಿ.

ಇನ್ನು ದಾರಿಯ ಮಾತು. ಈ ಪ್ಯಾನೆಲ್ ಹುಟ್ಟಿದ್ದು ತಾಮ್ರದ ದೂರವಾಣಿ ತಂತಿಗಾಗಿ. ತಂತಿ ಮೊದಲು ಪ್ಯಾನೆಲ್‌ಗೆ ಬಂದು ಆಮೇಲೆ ಮನೆಯ ಫೋನ್‌ಗಳಿಗೆ ಹೋಗಬೇಕು. ಆಗ ಕಳ್ಳ ಮನೆಯ ಫೋನ್ ಎತ್ತಿಟ್ಟರೂ ಪ್ಯಾನೆಲ್ ಲೈನನ್ನು ಕಸಿದುಕೊಳ್ಳಬಲ್ಲದು. ಅಮೆರಿಕದಲ್ಲಿ ಇದಕ್ಕೆಂದೇ ಆರ್‌ಜೆ31ಎಕ್ಸ್ ಎಂಬ ಜ್ಯಾಕ್ ಇದೆ. ಆದರೆ ಇಂಟರ್‌ನೆಟ್ ಮೇಲೆ ಓಡುವ ಫೋನ್‌ಗಳು ಧ್ವನಿಯನ್ನು ಹಿಂಡಿ ಕಳಿಸುವಾಗ ಸ್ವರಗಳು ಕೆಡುತ್ತವೆ, ಮೊತ್ತ ತಾಳೆಯಾಗುವುದಿಲ್ಲ, ಕಿಸ್‌ಆಫ್ ಬರುವುದಿಲ್ಲ. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವ ಯೋಜನೆಯಿದೆ. ಹೀಗಾಗಿ ಈಗ ಪ್ಯಾನೆಲ್‌ಗೆ ಮೊಬೈಲ್ ಜಾಲದ ಅಥವಾ ಇಂಟರ್‌ನೆಟ್ಟಿನ ಕಮ್ಯುನಿಕೇಟರ್ ಜೋಡಿಸುತ್ತಾರೆ. ಆಗ 301ರಲ್ಲಿ ದೂರವಾಣಿ ಸಂಖ್ಯೆಯ ಬದಲು ಆ ಸಾಧನದ ಕೈಪಿಡಿ ಹೇಳುವ ಅಕ್ಷರಗಳು ಕೂರುತ್ತವೆ. ರಿಸೀವರ್‌ನ ಐಪಿ ವಿಳಾಸ, ಪೋರ್ಟ್ ಮುಂತಾದವು ಸಾಧನದ ಪಾಲಿಗೆ. ಗೂಢಲಿಪೀಕರಣದ ಆಯ್ಕೆಯಿದ್ದರೆ ಬಿಡಬೇಡಿ. ಕೊಳ್ಳುವಾಗ ಸಾಧನ ಯಾವ ಪೀಳಿಗೆಯ ಜಾಲದ್ದೆಂದು ಕೇಳಿ: ಅಮೆರಿಕದಲ್ಲಿ ಎಟಿ&ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಕಮ್ಯುನಿಕೇಟರ್‌ಗಳನ್ನು ಬದಲಿಸದೆ ಗತ್ಯಂತರವಿರಲಿಲ್ಲ.

ನಮ್ಮೂರಿನಲ್ಲಿ ಈ ತೊಂದರೆಯ ರೂಪ ಬೇರೆ. ಮಕ್ಕಳು ಹೊರದೇಶದಲ್ಲಿ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೀಗ ಹಾಕಿದ ಮನೆ, ಒಳಗೆ ಸಿಮ್ ಕಾರ್ಡ್ ಇರುವ ಸಣ್ಣ ಪ್ಯಾನೆಲ್. ಇಂಥ ಏರ್ಪಾಡಿನಲ್ಲಿ ಸ್ಟೇಷನ್ ಇಲ್ಲ, ಮನೆಯವರ ಮೊಬೈಲ್‌ಗಳಿಗೇ ಕರೆ ಹೋಗುತ್ತದೆ. ಮೊದಲ ಸಂಖ್ಯೆ ಅಮೆರಿಕದ ಮಗನದಾಗಿರಬಾರದು. ಹತ್ತು ನಿಮಿಷದಲ್ಲಿ ಗೇಟಿನ ಹತ್ತಿರ ನಿಲ್ಲಬಲ್ಲವರದಾಗಿರಬೇಕು. ಮತ್ತೆ, ಸತತ 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು. ಅಲಾರಂ ಬಾರದ ಮನೆಯ ಸಿಮ್ ಬಳಕೆಯಾಗುವುದಾದರೂ ಯಾವಾಗ? ರೀಚಾರ್ಜ್ ತಾರೀಖನ್ನು ನೆನಪಿಟ್ಟುಕೊಂಡು, ತಿಂಗಳಿಗೊಮ್ಮೆ ಪ್ಯಾನೆಲ್‌ನಿಂದ ಕರೆ ಬರುವಂತೆ ಮಾಡಿಸಿ.

ಎಲ್ಲ ತುಂಬಿದ ಮೇಲೆ ಪರೀಕ್ಷೆ, ಇದನ್ನು ಆತುರದಲ್ಲಿ ಮಾಡಬೇಡಿ. ಮೊದಲು ಸ್ಟೇಷನ್‌ಗೆ ಫೋನ್ ಮಾಡಿ ಅಕೌಂಟನ್ನು ಟೆಸ್ಟ್‌ನಲ್ಲಿ ಇಡಲು ಹೇಳಿ, ಇಲ್ಲದಿದ್ದರೆ ಪೊಲೀಸರು ಬಂದಾರು. ಸ್ಟಾರ್ 6, ಮಾಸ್ಟರ್ ಕೋಡ್, 4 ಒತ್ತಿದರೆ ಸಿಸ್ಟಂ ಟೆಸ್ಟ್ ನಡೆಯುತ್ತದೆ. ಅಷ್ಟಕ್ಕೇ ಬಿಡದೆ ಅಲಾರಂ ಹಾಕಿ ಒಂದೊಂದೇ ಬಾಗಿಲು ತೆರೆಯಿರಿ. ಆಮೇಲೆ ಸ್ಟೇಷನ್ನಿನವರನ್ನು ‘ಸಿಗ್ನಲ್ ಬಂತೇ’ ಎಂದು ಕೇಳಬೇಡಿ, ‘ಏನೇನು ಬಂತು, ಓದಿ ಹೇಳಿ’ ಎನ್ನಿ. ಅಡುಗೆಮನೆ ಬಾಗಿಲು ತೆರೆದಾಗ ಅವರ ಪರದೆಯಲ್ಲಿ ಮಹಡಿಯ ಕಿಟಕಿ ಎಂದು ಬಂದಿದ್ದರೆ ಈ ಪ್ರಶ್ನೆಯಿಂದ ಮಾತ್ರ ಗೊತ್ತಾಗುತ್ತದೆ. ಏನೂ ಬಂದಿಲ್ಲವೆಂದರೆ ಕೀಪ್ಯಾಡ್‌ನಲ್ಲಿ ಸ್ಟಾರ್ 2 ಒತ್ತಿ: 3ನೆಯ ದೀಪ ಉರಿದರೆ ದೂರವಾಣಿ ಲೈನ್‌ನ ದೋಷ, 4ನೆಯದು ಉರಿದರೆ ಕರೆ ಮಾಡಿದರೂ ಸುದ್ದಿ ಮುಟ್ಟಿಲ್ಲ. ಮೊದಲನೆಯದಕ್ಕೆ ತಂತಿ ನೋಡಿ; ಎರಡನೆಯದಕ್ಕೆ 301, 310, 350 ಮತ್ತೆ ಓದಿ. ಎಲ್ಲ ಸರಿಯಾದ ಮೇಲೆ ಮೌಲ್ಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯಿಂದ ದೂರ, ಬೀಗವಿರುವ ಕಡೆ ಇಡಿ. ನಂತರ ಸ್ಟೇಷನ್‌ಗೆ ಇನ್ನೊಮ್ಮೆ ಫೋನ್ ಮಾಡಿ ಅಕೌಂಟನ್ನು ಟೆಸ್ಟ್‌ನಿಂದ ತೆಗೆಸಿ, ತೆಗೆದಿದ್ದೇವೆ ಎಂಬ ಮಾತನ್ನು ಅವರ ಬಾಯಿಂದ ಕೇಳಿದ ಮೇಲೆಯೇ ಫೋನ್ ಇಡಿ.