ಡಾರ್ವಿನ್ ಮನೆಯ ಕಾಗದಗಳು: ಒಂಬತ್ತನೇ ತರಗತಿಯಲ್ಲಿ ಒಂದು ಇತಿಹಾಸ ಪಾಠ

'ಇತಿಹಾಸದ ಆಧಾರಗಳು' ಎಂದೊಡನೆ ನಾವು ಶಾಸನ, ನಾಣ್ಯಗಳಿಗೇ ನಿಂತುಬಿಡುತ್ತೇವೆ. ಮನೆಯ ಕಾಗದಪತ್ರವೂ ಆಧಾರವೇ ಎಂಬುದು ಮಕ್ಕಳಿಗೆ ಮನವರಿಕೆಯಾಗಲೆಂದು ಬೋಧನಾಭ್ಯಾಸದ ಒಂದು ಪಾಠಕ್ಕೆ ನಾನು ಚಾರ್ಲ್ಸ್ ಡಾರ್ವಿನ್ನರ ಮನೆಯನ್ನು ಆರಿಸಿಕೊಂಡೆ. ವಿಜ್ಞಾನದ ಪುಸ್ತಕದಲ್ಲಿ ಬಿಳಿಗಡ್ಡದ ಮುದುಕನಾಗಿ ಕಾಣುವವರು ಇಲ್ಲಿ ಹತ್ತು ವರ್ಷದ ಹುಡುಗಿಯ ತಂದೆ.

ಸಾವಿನ ವಿಷಯವಾದ್ದರಿಂದ ಮೊದಲೇ ತರಗತಿ ಶಿಕ್ಷಕಿಯನ್ನು ವಿಚಾರಿಸಿದೆ. ಆ ವರ್ಷವೇ ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಇದ್ದಳು. ಹಿಂದಿನ ದಿನ ಅವಳನ್ನು ಕರೆದು ಪಾಠದ ವಿಷಯ ತಿಳಿಸಿ, ಬೇಡವೆನಿಸಿದರೆ ಗ್ರಂಥಾಲಯದಲ್ಲಿ ಕೂರಬಹುದೆಂದೆ. "ಕ್ಲಾಸಲ್ಲೇ ಇರ್ತೀನಿ ಮಿಸ್, ಆದ್ರೆ ನನ್ನ ಪ್ರಶ್ನೆ ಕೇಳ್ಬೇಡಿ" ಅಂದಳು. ಒಪ್ಪಿದೆ.

ಸಂಗತಿ ಇಷ್ಟು. 1851ರ ಮಾರ್ಚ್‌ನಲ್ಲಿ ಮಗಳು ಆನಿಯನ್ನು ಜಲಚಿಕಿತ್ಸೆಗೆಂದು ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ಏಪ್ರಿಲ್‌ನಲ್ಲಿ ಕಾಯಿಲೆ ಬಿಗಡಾಯಿಸಿತು, ತಂದೆ ಧಾವಿಸಿದರು. ತಾಯಿ ಎಮ್ಮ ತುಂಬು ಗರ್ಭಿಣಿ, ಕೆಂಟ್ ಪ್ರಾಂತ್ಯದ ಡೌನ್ ಮನೆಯಲ್ಲೇ ಉಳಿಯಬೇಕಾಯಿತು. ಡಾರ್ವಿನ್ ದಿನವೂ ಪತ್ರ ಬರೆದರು: ಎಷ್ಟು ಚಮಚ ಗಂಜಿ ಇಳಿಯಿತು, ವಾಂತಿ ನಿಂತಿತೇ, ನಿದ್ದೆ ಬಂತೇ. ಒಂದು ದಿನ ಆಸೆ, ಮರುದಿನ ನಿರಾಸೆ. ಏಪ್ರಿಲ್ 23ರ ಮಧ್ಯಾಹ್ನ ಆನಿ ತೀರಿಕೊಂಡಳು. ಮರುದಿನವೇ ಡಾರ್ವಿನ್ ಹೆಂಡತಿಯ ಬಳಿಗೆ ಹೊರಟರು, ಮಣ್ಣಿಗೆ ನಿಲ್ಲಲಿಲ್ಲ. ಇಪ್ಪತ್ತು ದಿನಕ್ಕೆ ಹೊರೇಸ್ ಹುಟ್ಟಿದ.

ಪಾಠದ ತಿರುಳು ಕಪ್ಪು ಹಲಗೆಯ ಮೇಲೆ ಬರೆದ ಎರಡು ಕಲಂ: 'ಬರೆದ ದಿನ', 'ತಲುಪಿದ ದಿನ'. 1840ರಿಂದ ಇಂಗ್ಲೆಂಡಿನಲ್ಲಿ ಅರ್ಧ ಔನ್ಸ್ ತೂಕದ ಪತ್ರಕ್ಕೆ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ. ಆದರೂ ಮಾಲ್ವರ್ನಿನ ಕಾಗದ ಡೌನ್ ಸೇರುವಾಗ ಮರುದಿನ. "ಹಾಗಾದರೆ ಎಮ್ಮ ಯಾವ ದಿನದ ಆನಿಗೆ ಉತ್ತರ ಬರೆಯುತ್ತಿದ್ದಾರೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ನಿನ್ನೆಯ ಆನಿಗೆ" ಅಂತ ಹಿಂದಿನ ಬೆಂಚಿನಿಂದ ಬಂತು. ಒಂದೇ ಪತ್ರ ಓದಿ ತೀರ್ಮಾನಕ್ಕೆ ಬರಬಾರದು, ತಾರೀಖು ಜೋಡಿಸಿ ಓದಬೇಕು ಎಂಬುದನ್ನು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಈಗ ಫೋನ್ ಇದೆಯಲ್ಲ, ಆ ಕಷ್ಟವಿಲ್ಲ ಎಂದು ಒಬ್ಬಳು ಅಂದಾಗ ಇನ್ನೊಬ್ಬ ಎದ್ದುನಿಂತ: "ಇಲ್ಲ ಮಿಸ್. ತಾತ ಆಸ್ಪತ್ರೇಲಿ ಹೋಗ್ಬಿಟ್ಟಾಗ ಐದು ನಿಮಿಷಕ್ಕೇ ಫೋನ್ ಬಂತು. ಆದ್ರೆ ಅಜ್ಜಿಗೆ ಊರು ಮುಟ್ಟೋವರೆಗೂ ಸೀರಿಯಸ್ ಅಂತಲೇ ಹೇಳಿದ್ರು." ಸುದ್ದಿ ತಡವಾಗುವುದು ಅಂಚೆಯಿಂದ ಮಾತ್ರವಲ್ಲ ಎಂಬುದು ನನ್ನ ಪಾಠಯೋಜನೆಯಲ್ಲಿ ಇರಲೇ ಇಲ್ಲ, ಹಲಗೆಯ ಮೇಲೆ ಮೂರನೇ ಕಲಂ ಎಳೆದೆವು: 'ತಿಳಿಸಿದ ದಿನ'.

ಆನಿಯ ಬರವಣಿಗೆಯ ಪೆಟ್ಟಿಗೆಯನ್ನು ಎಮ್ಮ ಕೊನೆಯವರೆಗೂ ಜೋಪಾನ ಮಾಡಿದ್ದರು. ಗರಿಯ ಲೇಖನಿ, ಉಕ್ಕಿನ ನಿಬ್ಬು, ಅರಗು, ಮಗಳ ಒಂದಿಷ್ಟು ಕೂದಲು, ಅವಳ ಕಾಯಿಲೆಯ ಬಗ್ಗೆ ಡಾರ್ವಿನ್ ಗುರುತು ಹಾಕಿಕೊಂಡ ಚೀಟಿ. ಇದಕ್ಕೆ ಕೊನೆಯ ಎಂಟು ನಿಮಿಷ ಸಿಕ್ಕಿತು. ಬೇರೆ ಪೀರಿಯಡ್ಡೇ ಇದ್ದರೆ ಒಳ್ಳೆಯದು. ಮನೆಗೆಲಸ: ನೂರು ವರ್ಷದ ನಂತರ ನಿಮ್ಮ ಮನೆಯ ದಿನಚರಿ ತಿಳಿಯಲು ಯಾವ ಕಾಗದ ಸಾಕು?

ಬಹುಪಾಲು ಮಕ್ಕಳು ರೇಷನ್ ಕಾರ್ಡು, ಕರೆಂಟ್ ಬಿಲ್ಲು ಬರೆದರು. ನಾನು ಪ್ರಶ್ನೆ ಕೇಳದೆ ಬಿಟ್ಟಿದ್ದ ಹುಡುಗಿ ಹಾಲಿನ ಲೆಕ್ಕದ ಪುಸ್ತಕವನ್ನೇ ತಂದು ತೋರಿಸಿದಳು. ಜುಲೈವರೆಗೆ ಒಂದು ಕೈಬರಹ, ಆಗಸ್ಟ್‌ನಿಂದ ಅವಳದು.