ಬೋರ್ಡ್ ಕಾಯದಿರಲಿ, ಬೆಳಕು ನಡುಗದಿರಲಿ: ಎಂಟು ಸೂತ್ರಗಳು

ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋದರೆ ಎಲ್‌ಇಡಿ ಪಟ್ಟಿಯಿಂದ ಕೆಪ್ಯಾಸಿಟರ್‌ವರೆಗೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಈ ಸಲದ ಗಣೇಶೋತ್ಸವಕ್ಕೆ ಮಂಟಪದ ದೀಪಾಲಂಕಾರ ನಿಮ್ಮ ಕೈಯದೇ ಆಗಬೇಕೇ? 12 ವೋಲ್ಟ್ ಅಡಾಪ್ಟರ್, ಒಂದು ಇಎಸ್‌ಪಿ32 ಕಂಟ್ರೋಲರ್, 60 ದೀಪಗಳ ಡಬ್ಲ್ಯುಎಸ್2812ಬಿ ಪಟ್ಟಿ ಇಟ್ಟುಕೊಂಡು ಶುರು ಮಾಡಿ. ಪ್ರೋಗ್ರಾಂ ಆಮೇಲೆ ತಿದ್ದಬಹುದು. ಪವರ್ ಬೋರ್ಡ್ ಮೊದಲೇ ಸರಿಯಿರಬೇಕು.

1. ಕರೆಂಟಿನ ಲೆಕ್ಕ ಮೊದಲು. ಒಂದು ದೀಪ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪಿಯರ್. ಅರವತ್ತಕ್ಕೆ 3.6 ಆಂಪಿಯರ್, ಅಂದರೆ 5 ವೋಲ್ಟಿನಲ್ಲಿ 18 ವ್ಯಾಟ್. ವೈಫೈ ಪ್ರಸಾರದ ಕ್ಷಣದಲ್ಲಿ ಇಎಸ್‌ಪಿ32 ಥಟ್ಟನೆ ಹೆಚ್ಚು ಎಳೆಯುತ್ತದೆ. ಅದಕ್ಕೆ ಅರ್ಧ ಆಂಪಿಯರ್ ಮೀಸಲಿಡಿ.

2. ಇಲ್ಲಿ 7805 ರೆಗ್ಯುಲೇಟರ್ ಬೇಡ. ಅದು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಸುಡುತ್ತದೆ. 12ರಿಂದ 5ಕ್ಕೆ ಇಳಿಸುವಾಗ ಬರೀ ಅರ್ಧ ಆಂಪಿಯರಿಗೇ 3.5 ವ್ಯಾಟ್ ಬಿಸಿ. ಬಕ್ ಕನ್ವರ್ಟರ್ ಹಾಕಿ. ಎಲ್ಲೆಡೆ ಸಿಗುವ ಎಲ್‌ಎಂ2596ರ ಮಿತಿ 3 ಆಂಪಿಯರ್. ನಿಮಗೆ 5 ಆಂಪಿಯರಿನದು ಬೇಕು. ಸಿಗಲಿಲ್ಲವೇ? ಹಾಸಿಗೆ ಇದ್ದಷ್ಟೇ ಕಾಲು ಚಾಚಿ: ಪ್ರೋಗ್ರಾಮಿನಲ್ಲೇ ಪ್ರಖರತೆಯನ್ನು ಅರ್ಧಕ್ಕೆ ಕಟ್ಟಿಹಾಕಿ.

3. ದಾರಿ ಎರಡಾಗಲಿ. ಬಕ್‌ನ ಔಟ್‌ಪುಟ್ ಕೆಪ್ಯಾಸಿಟರ್ ಬಳಿಯಿಂದಲೇ ದೀಪಗಳಿಗೊಂದು, ಎಎಂಎಸ್1117-3.3 ರೆಗ್ಯುಲೇಟರ್ ಮೂಲಕ ಕಂಟ್ರೋಲರಿಗೊಂದು ಕವಲು ತೆಗೆಯಿರಿ. ದೀಪಗಳ ಕರೆಂಟ್ ಕಂಟ್ರೋಲರಿನ ಗ್ರೌಂಡ್ ಹಾದು ಮರಳಬಾರದು. ಹಾದರೆ ದೀಪ ಬೆಳಗಿದಾಗೆಲ್ಲ ಕಂಟ್ರೋಲರ್ ರೀಸೆಟ್ ಆಗಬಹುದು.

4. ತಾಮ್ರ ಅಗಲವಾಗಿರಲಿ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ 3 ಆಂಪಿಯರ್ ಹರಿದು ಬಿಸಿ 10 ಡಿಗ್ರಿಯಷ್ಟೇ ಏರಬೇಕಾದರೆ ಟ್ರೇಸ್ ಸುಮಾರು 1.4 ಮಿಲಿಮೀಟರ್ ಅಗಲವಿರಬೇಕು. ನೀವು 3 ಮಿಲಿಮೀಟರ್ ಕೊಡಿ. ಕೆಳಪದರವನ್ನು ಪೂರ್ತಿ ಗ್ರೌಂಡಿಗೇ ಬಿಡಿ.

5. ಬಕ್‌ನ ಸುತ್ತು ಚಿಕ್ಕದಿರಲಿ. ಇನ್‌ಪುಟ್ ಕೆಪ್ಯಾಸಿಟರ್, ಐಸಿ, ಡಯೋಡ್ ಒಂದಕ್ಕೊಂದು ಅಂಟಿಕೊಂಡಿರಬೇಕು. ಫೀಡ್‌ಬ್ಯಾಕ್ ಟ್ರೇಸ್ ಕಾಯಿಲ್‌ನಿಂದ ದೂರ ಸಾಗಲಿ.

6. ಕೆಪ್ಯಾಸಿಟರಿಗೆ ಜಾಗವೇ ಮುಖ್ಯ. 100 ನ್ಯಾನೊಫ್ಯಾರಡ್‌ನವು ಪವರ್ ಪಿನ್ನಿನ ಪಕ್ಕದಲ್ಲೇ ಕೂರಲಿ; ಪಟ್ಟಿಯ ಬಾಯಲ್ಲಿ 1000 ಮೈಕ್ರೊಫ್ಯಾರಡ್ ಇರಲಿ.

7. ಡೇಟಾ ಗೆರೆ ಮರೆಯಬೇಡಿ. 5 ವೋಲ್ಟಿನ ಪಟ್ಟಿ ಕನಿಷ್ಠ 3.5 ವೋಲ್ಟಿನ ಸಂಕೇತ ಕೇಳುತ್ತದೆ. ಇಎಸ್‌ಪಿ32 ಕೊಡುವುದು 3.3. ನಡುವೆ ಸಂಕೇತವನ್ನು ಏರಿಸುವ 74ಎಚ್‌ಸಿಟಿ125 ಬಫರ್ ಹಾಕಿ, ಅದಕ್ಕೆ 5 ವೋಲ್ಟ್ ಕೊಡಿ. ಮುಂದೆ 330 ಓಮ್ ರೆಸಿಸ್ಟರ್ ಸೇರಿಸಿ.

8. ಮಂಟಪಕ್ಕೆ ಮುನ್ನ ಪರೀಕ್ಷೆ. 12 ವೋಲ್ಟಿನ ಬಾಯಲ್ಲಿ ಫ್ಯೂಸ್, ಧ್ರುವ ತಿರುಗಿದರೆ ತಡೆಯುವ ಮಾಸ್ಫೆಟ್ ಇರಲಿ. ಕಂಟ್ರೋಲರ್ ಕೂರಿಸುವ ಮೊದಲೇ ಮಲ್ಟಿಮೀಟರಿನಲ್ಲಿ 5 ಮತ್ತು 3.3 ವೋಲ್ಟ್ ಬರುತ್ತಿದೆಯೇ ನೋಡಿ. ಆಮೇಲೆ ಎಲ್ಲ ದೀಪ ಬಿಳಿ ಮಾಡಿ ಒಂದು ಗಂಟೆ ಬಿಟ್ಟು, ಬಕ್ ಎಷ್ಟು ಕಾಯಿತೆಂದು ಅಳೆಯಿರಿ. ಭಾದ್ರಪದದಲ್ಲಿ ಪುಣೆಯ ಮಳೆ ನಿಂತಿರುವುದಿಲ್ಲ, ಬೋರ್ಡನ್ನು ನೀರಿಳಿಯದ ಡಬ್ಬಿಯಲ್ಲಿಡಿ. ಬೋರ್ಡಿನ ಮೇಲೆ ವೋಲ್ಟೇಜ್, ಆಂಪಿಯರ್, ಪ್ಲಸ್-ಮೈನಸ್ ಗುರುತು ಅಚ್ಚಾಗಿರಲಿ. ಮುಂದಿನ ವರ್ಷ ಅದನ್ನು ಬಿಚ್ಚುವ ಹುಡುಗ ನಿಮ್ಮನ್ನು ಕೇಳದೆಯೇ ರಿಪೇರಿ ಮಾಡುವಂತಿರಬೇಕು.